ಪರದೆಯ ಹಿಂದಿನ ಪೆಟ್ಟಿಗೆ

ಬೀದಿಯವರಿಗೆಲ್ಲ ಅವನು ಕಿವಿಮಾವ. ಸಭಾಂಗಣದ ಮೈಕು, ಸ್ಪೀಕರು ನೋಡಿಕೊಳ್ಳುವುದು ಅವನ ಕೆಲಸ. ಗದ್ದಲದ ನಡುವೆ ಎಲ್ಲೋ ಒಂದು ತಂತಿ ಕರಕರ ಎಂದರೂ ಸಾಕು, ಇವನ ಕಿವಿ ಮೊಲದ ಕಿವಿಯಂತೆ ನಿಮಿರುತ್ತಿತ್ತು.

ಅಂಥವನು ಒಂದು ತುಂಟತನವನ್ನೂ ಸಾಕಿಕೊಂಡಿದ್ದ. ದನಿ ಹೊಂದಿಸುವ ಅವನ ಮೇಜಿನ ಗುಂಡಿಗಳಲ್ಲಿ ಕೆಂಪು ಗುಂಡಿಯೊಂದಕ್ಕೆ ಒಳಗೆ ತಂತಿಯೇ ಇರಲಿಲ್ಲ. ಹಾಡುವವರು ‘ಯಾಕೋ ಸಿಹಿ ಸಾಲದು’ ಎಂದು ಮೂಗು ಮುರಿದರೆ ಗಂಭೀರವಾಗಿ ಅದನ್ನೇ ತಿರುಗಿಸುತ್ತಿದ್ದ. ‘ಹಾಂ, ಈಗ ಬಂತು ನೋಡಿ!’ ಎಂದು ಅವರ ಮುಖ ಅರಳುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದ.

ಆ ಸಭಾಂಗಣದಲ್ಲಿ ಹಾಡುತ್ತಿದ್ದದ್ದು ಅವನೇ ಮರ ಹೆರೆದು ಮಾಡಿದ ಸ್ಪೀಕರ್ ಪೆಟ್ಟಿಗೆ. ಅದರ ಬಾಯಿಗೆ ಕಪ್ಪು ಬಟ್ಟೆ ಬಿಗಿದವಳು ದರ್ಜಿ ಕೆಲಸ ಮಾಡುವ ಅವನ ಹೆಂಡತಿ. ಹೀಗಿರುವಾಗ, ಕೊಳ್ಳುವ ಮುನ್ನ ಪರೀಕ್ಷೆಗೆಂದು ಹೊಸ ಸ್ಪೀಕರೊಂದು ಬಂತು ನೋಡಿ! ಮಿರಮಿರ ಮಿಂಚುವ ಮೈ, ಅಂಚಿಗೆ ತಾಮ್ರದ ಬಳೆ. ಕಿವಿಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು.

“ಅಬ್ಬಾ, ಎಂಥ ದನಿ! ನಮ್ದು ಇದರ ಮುಂದೆ ಡಬ್ಬ ಕಣೆ. ಒಡೆದು ಚಪ್ಪಲಿ ಗೂಡು ಮಾಡ್ಬಿಡ್ತೀನಿ.”

ಹೆಂಡತಿ ಹೊಲಿಗೆ ಕೆಳಗಿಟ್ಟು ಎದ್ದಳು. “ಕಿವೀಲಿ ಕೇಳಿದ್ರೋ, ಕಣ್ಣಲ್ಲೋ? ನಾಳೆ ಪರದೆ ಕಟ್ತೀನಿ. ನೋಡದೆ ಹೇಳಿ. ಗೆದ್ದರೆ ಸುತ್ತಿಗೆ ನಾನೇ ತಂದ್ಕೊಡ್ತೀನಿ. ಸೋತರೆ ನನ್ನ ಪೆಟ್ಟಿಗೆ ಮುಟ್ಟಂಗಿಲ್ಲ!”

“ನನಗೇ ಪರೀಕ್ಷೆನಾ? ಕಟ್ಟು, ಕಟ್ಟು!”

ಮರುದಿನ ವೇದಿಕೆಗೆ ಅಡ್ಡಲಾಗಿ ಪರದೆ ಬಂತು. ಸಭಾಂಗಣದ ಮೇಲ್ವಿಚಾರಕಿ ಮುಂದಿನ ಕುರ್ಚಿಯ ತುದಿಯಲ್ಲಿ ಕೂತಳು. ಪರದೆಯ ಹಿಂದೆ ಹೆಂಡತಿ ಕೊಳಲಿನ ರೆಕಾರ್ಡು ಹಾಕಿದಳು, ನಿಲ್ಲಿಸಿದಳು. ಮತ್ತೆ ಅದೇ ಕೊಳಲು.

ಕಿವಿಮಾವ ಕಣ್ಣುಮುಚ್ಚಿ ತಲೆದೂಗಿದ. “ಮೊದಲನೇದು ಬಾಯ್ತುಂಬ ತುತ್ತಿಟ್ಕೊಂಡು ಮಾತಾಡ್ದಂಗೆ. ಎರಡನೇದು ಆಹಾ, ಈಗಷ್ಟೇ ಮುಖ ತೊಳೆದ ಮಗು! ಅದೇ ಹೊಸದು!”

“ಅಯ್ಯೋ ಹೌದು, ನನಗೂ ಹಂಗೇ ಅನ್ನಿಸ್ತು!” ಎಂದಳು ಮೇಲ್ವಿಚಾರಕಿ.

ಹೆಂಡತಿ ಸರ್ರನೆ ಪರದೆ ಸರಿಸಿದಳು. ಹೊಸ ಸ್ಪೀಕರಿನ ತಂತಿ ಸುರುಳಿ ಸುತ್ತಿ ನೆಲದ ಮೇಲೆ ಮಲಗಿತ್ತು. ಎರಡು ಸಲವೂ ಹಾಡಿದ್ದು ಹಳೆಯ ಪೆಟ್ಟಿಗೆಯೇ!

“ಕೆಂಪು ಗುಂಡಿ ಮೇಜಿನ ಮೇಲೆ ಮಾತ್ರ ಅಲ್ಲ ಕಣ್ರೀ, ನಿಮ್ಮ ತಲೇಲೂ ಒಂದಿದೆ!”

ಬೇರೆಯವನಾಗಿದ್ದರೆ ಮುಖ ಊದಿಸುತ್ತಿದ್ದ. ಕಿವಿಮಾವ ಕುರ್ಚಿಯಿಂದ ಚಂಗನೆ ನೆಗೆದ. “ಇನ್ನೊಂದ್ಸಲ! ಇದು ಮೋಸ. ಎರಡಕ್ಕೂ ತಂತಿ ಹಾಕು, ಅದಲುಬದಲು ಮಾಡು, ಯಾವುದು ಅಂತ ಬಾಯಿಬಿಡಬೇಡ!” ಆಡಿಸಿದಷ್ಟೂ ಅವನ ಹುರುಪು ಏರಿತು. ಒಮ್ಮೆ ಸರಿ, ಒಮ್ಮೆ ತಪ್ಪು, ನಾಣ್ಯ ಚಿಮ್ಮಿದ ಹಾಗೆ. ಯಾವುದರ ದನಿ ಕೂದಲೆಳೆಯಷ್ಟು ಜೋರಿತ್ತೋ ಅದನ್ನೇ ಅವನು ‘ಹೊಸದು’ ಎನ್ನುತ್ತಿದ್ದ. ಜೋರನ್ನು ಅಳೆದು ಸಮ ಮಾಡಿದರೆ ಬರೀ ಊಹೆ!

“ಹಂಗಾದ್ರೆ ಇಷ್ಟು ದಿನ ನಮ್ಮನೇ ಪೆಟ್ಟಿಗೆನೇ ಹಿಂಗೆ ಹಾಡ್ತಿತ್ತಾ!” ಎಂದು ಅದರ ಬೆನ್ನು ತಟ್ಟಿದ. ಹೊಸದು ಬಂದ ದಾರಿಯಲ್ಲೇ ಮರಳಿತು.

ಅಂದು ಸಂಜೆ ಹಾಡುಗಾರ್ತಿಯೊಬ್ಬಳು ಹಳೆಯ ದೂರನ್ನೇ ಎತ್ತಿದಳು, “ಸಿಹಿ ಸಾಲದು!” ಕಿವಿಮಾವ ಕೆಂಪು ಗುಂಡಿ ತಿರುಗಿಸಿದ. ಅವಳ ಮುಖ ಅರಳಿತು. ಇವನು ಮಾತ್ರ ಕೈಯನ್ನು ಗುಂಡಿಯ ಮೇಲೇ ಮರೆತು, ಮುಂದಿನ ಸಾಲಿನಲ್ಲಿದ್ದ ಹೆಂಡತಿಯತ್ತ ಬಾಗಿ ಪಿಸುಗುಟ್ಟಿದ:

“ಲೇ, ಆಣೆಗೂ... ಒಂಚೂರು ಸಿಹಿ ಆಯ್ತು ಕಣೆ!”