ಉಡಿ ಸಿಕ್ಕಿಸುವ ಜಾಗ

ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಲು ನನ್ನ ಬೆರಳಿಗೆ ಶಕ್ತಿ ಸಾಲಲಿಲ್ಲ. ಅದಕ್ಕೇ ರಿವಾಲ್ವರ್ ತೆಗೆದುಕೊಂಡೆ, ಅಂಗೈಗಿಂತ ತುಸು ದೊಡ್ಡದು. ಅದರ ನೆತ್ತಿಯ ಮೇಲೆ ಹೆಬ್ಬೆರಳ ಉಗುರಿನಷ್ಟು ಗಾಜು, ಅದರೊಳಗೆ ಒಂದು ಕೆಂಪು ಚುಕ್ಕೆ. ಚುಕ್ಕೆ ಎಲ್ಲಿ ಕೂರುತ್ತದೋ ಗುಂಡು ಅಲ್ಲಿಗೆ. ಚಾಳೀಸು ಬಂದ ಕಣ್ಣಿಗೆ ಇದೇ ಸರಿ ಎಂದು ಕಲಿಸುವವನು ಹೇಳಿದ. ಕೈ ಎಷ್ಟು ನಡುಗುತ್ತದೆಂದೂ ಅದು ತೋರಿಸುತ್ತದೆ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಮೊದಲ ದಿನ ನನ್ನ ಚುಕ್ಕೆ ಗುರಿಯ ಕಾಗದದ ಮೇಲೆಲ್ಲ ಓಡಾಡಿತು. ಸಿಟ್ಟು ಬಂತು. ಐವತ್ತೆಂಟು ವರ್ಷ ಈ ಕೈಯನ್ನು ನಂಬಿದ್ದೆ.

ಈ ಪರದೇಶದ ಹೇವರ್ಡ್‌ನಲ್ಲಿ ನಮ್ಮದೊಂದು ಸಣ್ಣ ಬಂಗಾರದ ಅಂಗಡಿ. ಒಂದು ಮಧ್ಯಾಹ್ನ ನಾಲ್ವರು ಸುತ್ತಿಗೆ ಹಿಡಿದು ನುಗ್ಗಿ ಗಾಜಿನ ಪೆಟ್ಟಿಗೆಗಳನ್ನೆಲ್ಲ ಒಡೆದರು. ತಡೆಯಲು ಹೋದ ಯಜಮಾನರ ಮಣಿಕಟ್ಟು ಮುರಿಯಿತು. ನಾನು ಬಾಯಿಗೆ ಸೆರಗು ತುರುಕಿಕೊಂಡು ಕೌಂಟರಿನ ಕೆಳಗೆ ಕೂತಿದ್ದೆ. ಹಾಗೆ ಕೂತದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದಾಗ ಯಜಮಾನರು, "ಹುಬ್ಬಳ್ಳಿ ಬಾಯಿ ಐತಲ್ಲ, ಇದ್ಯಾಕ ಮತ್ತ?" ಎಂದರು. ತಮಾಷೆಯೇನೋ ಮಾಡಿದರು, ಮುಖ ಮಾತ್ರ ಸಪ್ಪಗಿತ್ತು.

ಮಗಳು ತಮಾಷೆ ಮಾಡಲಿಲ್ಲ. ಆಗ ಅವಳು ನಾಲ್ಕು ತಿಂಗಳ ಬಸುರಿ. ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವತ್ತು ಮಾತ್ರ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು. "ಅದು ನಿನ್ನ ಮೈಮ್ಯಾಲೆ ಇದ್ರ ಬೇಬೀನ ನಿನ್ನ ಕೈಗೆ ಕೊಡಂಗಿಲ್ಲ, ಅಮ್ಮ."

"ಅಂಗಡಿ ಬಿಟ್ರ ಬ್ಯಾರೆ ಎಲ್ಲೂ ಹಾಕ್ಕೊಳ್ಳೂದಿಲ್ಲ," ಎಂದು ಮಾತು ಕೊಟ್ಟೆ.

ಏಳನೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ಅವಳ ಕುಬಸ, ಅಂದರೆ ಸೀಮಂತ, ಮಾಡಿದೆವು. ಬೆಳಗ್ಗೆ ಇಳಕಲ್ ಸೀರೆ ಉಡುವಾಗ ಯೋಚನೆ ಹತ್ತಿತು. ಇಪ್ಪತ್ತು ಮಂದಿ ಮೈತುಂಬ ಬಂಗಾರ ಹೇರಿಕೊಂಡು ಬರುತ್ತಾರೆ, ಬೀದಿಯುದ್ದಕ್ಕೂ ಕಾರು. ಕಳ್ಳರಿಗೆ ಬೇರೆ ಆಮಂತ್ರಣ ಪತ್ರಿಕೆ ಬೇಕೆ? ಒಳಗೆ ಅಗಲವಾದ ಬಟ್ಟೆಯ ಪಟ್ಟಿ ಬಿಗಿದು, ಬಲಗಡೆ ರಿವಾಲ್ವರ್ ಇಟ್ಟು, ಮೇಲೆ ಸೀರೆ ಉಟ್ಟೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ನಾನೇ ಭಾರೀ ಜಾಣೆ ಅಂದುಕೊಂಡೆ.

ಮಗಳಿಗೆ ಉಡಿ ತುಂಬಿದ್ದಾಯಿತು, ಆರತಿಯೂ ಆಯಿತು. ಆಗ ಧಾರವಾಡದ ಗೆಳತಿ ನನ್ನನ್ನೂ ಮಣೆಗೆ ಎಳೆದು ಕೂರಿಸಿದಳು. "ತಾಯಿ ಉಡೀನೂ ತುಂಬಬೇಕವಾ, ಸೆರಗು ಒಡ್ಡು." ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನಕೊಂಬು, ಬೆಲ್ಲದಚ್ಚು, ಕುಪ್ಪಸದ ಕಣ ಎಲ್ಲ ಸೆರಗಿಗೆ ಬಿದ್ದವು. ಎರಡೂ ಕೈಯಲ್ಲಿ ಉಡಿ ಹಿಡಿದು ಎದ್ದೆ. ಸೆರಗಿನ ತುದಿಯನ್ನು ನನ್ನ ಬಲ ಸೊಂಟಕ್ಕೆ ಸಿಕ್ಕಿಸಲು ಅವಳೇ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಇದೇನ ಇಟ್ಕೊಂಡಿ ಇಲ್ಲೆ, ಕಬ್ಬಿಣ ಇದ್ದಂಗ ಐತಿ?"

ನಾನು ಸರಕ್ಕನೆ ಹಿಂದೆ ಸರಿದೆ. ಉಡಿ ಜಾರಿ ಅಕ್ಕಿ ಕಾರ್ಪೆಟ್ಟಿನ ತುಂಬ ಚೆಲ್ಲಿತು. ಎದುರಿಗೆ ಹಸಿರು ಬಳೆ ತೊಟ್ಟು ಕೂತಿದ್ದ ಮಗಳು ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಯು ಪ್ರಾಮಿಸ್ಡ್, ಅಮ್ಮ," ಎಂದಳು, ಮೆಲ್ಲಗೆ.

ಒಳಗೆ ಹೋಗಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬರುವಷ್ಟರಲ್ಲಿ ಯಜಮಾನರು ಸರಿಯಾಗಿ ಮಡಚಲು ಬಾರದ ಆ ಕೈಯಲ್ಲೇ ಅಕ್ಕಿ ಆರಿಸುತ್ತಿದ್ದರು. ಯಾರಾದರೂ ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಈಗ ಮೊಮ್ಮಗಳಿಗೆ ಐದು ತಿಂಗಳು. ಅಂಗಡಿಯಲ್ಲಿ ರಿವಾಲ್ವರ್ ಈಗಲೂ ನನ್ನ ಸೊಂಟದಲ್ಲಿದೆ, ಬಿಡುವ ಧೈರ್ಯ ನನಗಿಲ್ಲ. ಅಭ್ಯಾಸದಿಂದ ಚುಕ್ಕೆಯೂ ಮೊದಲಿನಷ್ಟು ಓಡಾಡುವುದಿಲ್ಲ. ಲಿವರ್‌ಮೋರ್‌ನಲ್ಲಿರುವ ಮಗಳ ಮನೆಗೆ ಹೋಗುವ ದಿನ ಅದನ್ನು ಕಪಾಟಿನೊಳಗಿಟ್ಟು, ಬೀಗವನ್ನು ಮೂರು ಸಲ ಎಳೆದು ನೋಡಿ ಹೊರಡುತ್ತೇನೆ. ಬಾಗಿಲು ತೆರೆದ ಕೂಡಲೇ ಮಗಳು ನನ್ನನ್ನು ಅಪ್ಪಿಕೊಳ್ಳುತ್ತಾಳೆ. ಮೊದಲೆಲ್ಲ ಕುತ್ತಿಗೆಗೆ ಜೋತು ಬೀಳುತ್ತಿದ್ದಳು, ಈಗ ಸೊಂಟ ಬಳಸುತ್ತಾಳೆ. ಅವಳ ಕೈ ಬಲಗಡೆ ಒಂದು ಗಳಿಗೆ ನಿಲ್ಲುತ್ತದೆ. ಪ್ರತಿ ಸಲವೂ ನಾಚಿಕೆಯಾಗುತ್ತದೆ. ಅವಳಿಗೆ ಸುಲಭವಾಗಲಿ ಎಂದು ತೋಳು ಸ್ವಲ್ಪ ಎತ್ತಿ ನಿಲ್ಲುತ್ತೇನೆ. ಆಮೇಲೆ ಮಗುವನ್ನು ನನ್ನ ಕೈಗೆ ಕೊಡುತ್ತಾಳೆ.