ನಾನು ಕೂಗಲಿಲ್ಲ

ಬರದ ವರ್ಷಗಳಲ್ಲಿ ನಾನು ದುಡಿಯಲು ಪುಣೆಗೆ ಹೋದೆ. ನನ್ನ ಗೆಳೆಯ ಕುರಿ ಹೊಡೆದುಕೊಂಡು ಮೇವು ಹುಡುಕುತ್ತ ಎಷ್ಟೋ ರಾತ್ರಿ ಕತ್ತಲಲ್ಲೇ ಮಹಾರಾಷ್ಟ್ರದ ಕಡೆ ನಡೆದ. ಭಾಲ್ಕಿಗೆ ಮರಳಿದ ಮೇಲೆ ಬೀದರಿನ ಕಾಡುದಾರಿಯ ರಾತ್ರಿ ಓಟಕ್ಕೆ ಇಬ್ಬರೂ ಹೆಸರು ಕೊಟ್ಟೆವು. ನಾನು ತಿಂಗಳುಗಟ್ಟಲೆ ತಯಾರಾಗಿದ್ದೆ. ಅವನು ಸುಮ್ಮನೆ ಬಂದು, ಹಣೆಯ ಬ್ಯಾಟರಿ ಆರಿಸಿ, ನನ್ನ ಮುಂದೆ ಓಡುತ್ತಿದ್ದ.

"ಬ್ಯಾಟ್ರಿ ಹಚ್ಚೋ ಲೇ!" ಎಂದೆ.

"ಕತ್ತಲ್ದಾಗೇ ಚಲೋ ಕಾಣ್ತದೋ. ನೀ ಕಣ್ಣ ಪುಣಾದಾಗ ಬಿಟ್ಟು ಬಂದಿ ಏನು?"

ಹೊಟ್ಟೆ ಉರಿಯಿತು. ದಾರಿ ಕವಲಾದಲ್ಲಿ ಎಡಕ್ಕೆ ಕಟ್ಟಿದ್ದ ಗುರುತಿನ ಪಟ್ಟಿ ನನ್ನ ಬೆಳಕಿಗೆ ಹೊಳೆಯಿತು. ಬೆಳಕಿಲ್ಲದ ಅವನು ಬಲಕ್ಕೆ ಹೋದ. ನಾನು ಕೂಗಲಿಲ್ಲ.

ಓಟ ಮುಗಿಸಿ ಬಹಳ ಹೊತ್ತು ಕೂತಿದ್ದೆ. ಅವನು ಬಂದವನೇ ತಬ್ಬಿಕೊಂಡ. "ನೀನೂ ನನ್ನ ಹಿಂದೇ ಬಂದು ದಾರಿ ತಪ್ಪೀದಿ ಅಂತ ನಿನ್ನ ಹೆಸರ ಹಿಡ್ದು ಒದರ್ಕೋತ ನಿಂತಿದ್ದೆ ನೋಡು."

ಅದಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು.