ಬೀಗರ ಕಾರು, ಟ್ಯಾಂಕಿನ ಮುಚ್ಚಳ

ಕೇಳಿರಪ್ಪಾ, ಮಗಳ ಮಾವನವರ ಹಳೇ ಕಾರು ಇವತ್ತು ನಾಲ್ಕನೇ ಸಲ ಬಾಗೇವಾಡಿಯ ನನ್ನ ಗ್ಯಾರೇಜಿಗೆ ಬಂತು.

“ಪಿಕಪ್ಪ ಇಲ್ರಿ ಬೀಗರ. ನಿಡಗುಂದಿ ಮುಟ್ಟೂದ್ರಾಗ ಬಂದ್ ಬೀಳತೈತಿ. ನಿಮಗ ಕೆಲಸ ಬರತೈತೋ ಇಲ್ಲೋ?”

ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದೆ. ಮಗಳ ಮನೆಯಲ್ಲಿ ನನ್ನ ಮರ್ಯಾದೆ ಹೋಗುತ್ತಿತ್ತು. ಇವತ್ತು ನಾನೇ ಪಕ್ಕದಲ್ಲಿ ಕೂತು ಹೋದೆ. ಹತ್ತು ಕಿಲೋಮೀಟರಿಗೆ ಗಾಡಿ ಮುಗ್ಗರಿಸಿ ನಿಂತಿತು. ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಗಾಳಿಯಾಡಲೆಂದು ಮುಚ್ಚಳದಲ್ಲಿರುವ ಸಣ್ಣ ತೂತಿಗೆ ಯಾರೋ ಮೇಣ ಮೆತ್ತಿದ್ದರು. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೇಗೆ ಬಂದೀತು?

“ಇದನ್ಯಾರ್ ಮುಚ್ಚಿದ್ರಿ?”

“ನಾನ ರೀ. ಬಿಸಲಿಗೆ ಪೆಟ್ರೋಲ್ ಆರಿ ಹೋಗಬಾರ್ದಂತ.”

ಬೇರೆ ಗಿರಾಕಿಯಾಗಿದ್ದರೆ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಎಸೆಯುತ್ತಿದ್ದೆ. ಬೀಗರಲ್ಲವೇ, ಸೂಜಿಯಿಂದ ಮೇಣ ಕೆರೆದು ತೆಗೆದೆ. ಗಾಡಿ ಕುದುರೆಯಂತೆ ಓಡಿತು.

“ಮೂರು ಸಲ ಬಿಚ್ಚಿದ್ರಿ, ಇಷ್ಟ ಕಾಣಲಿಲ್ಲೇನ್ರಿ?” ಎಂದರು ಬೀಗರು.

“ನಂದ ತಪ್ಪು ಬಿಡ್ರಿ” ಎಂದೆ. ಸಾಕಾಗಿತ್ತು.

ಸಂಜೆ ಮಗಳ ಫೋನ್: “ಅಪ್ಪಾ, ಗಾಡಿ ರೋಗ ಕಡೀಕ ನಮ್ಮ ಮಾವನವರ ಕಂಡುಹಿಡಿದ್ರಂತ ನೋಡು!”

“ಹೌದವ್ವಾ” ಎಂದೆ. ತೂತು ಮುಚ್ಚಿದೆಯೆಂದು ಮೊದಲಿನಿಂದಲೂ ಗೊತ್ತಿದ್ದದ್ದು ಅವರೊಬ್ಬರಿಗೇ ಅಲ್ಲವೇ.